ಸೂಳೆಕೆರೆಯ ಐತಿಹ್ಯ ಮತ್ತು ಪ್ರಾಥಮಿಕ ತರಗತಿ

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲುಗೊಂಡ ‘ನಲಿ-ಕಲಿ’ ಪದ್ಧತಿಯು ಕಾರ್ಡು, ಹಾಡು, ಕಥೆಗಳನ್ನು ಕಲಿಕೆಯ ಸಾಧನವಾಗಿಸಿತು. ಆದರೆ ಊರಿನ ಕಥೆಯೇ ಶಿಕ್ಷಕರಿಗೆ ಮುಜುಗರ ತರುವಂತಿದ್ದರೆ? ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಈ ಪ್ರಶ್ನೆಯನ್ನು ಎದುರಿಗಿಡುತ್ತದೆ.

ಕೆರೆಯ ರಚನೆಯನ್ನು ಕಲಿಸುವುದು ಸುಲಭ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡವಾಗಿ ಏರಿ ಹಾಕಲಾಗಿದೆ. ಅಂಗಳದಲ್ಲಿ ಮಣ್ಣಿನ ಮಾದರಿ ಮಾಡಿ ನೀರೆರೆದರೆ, ಚಿಕ್ಕ ಏರಿಯು ಇಷ್ಟು ವಿಸ್ತಾರವಾದ ನೀರನ್ನು ಹೇಗೆ ತಡೆಯಿತೆಂಬುದು ಮಗುವಿಗೆ ಕಣ್ಣಾರೆ ತಿಳಿಯುತ್ತದೆ. ತೊಡಕಿರುವುದು ಹೆಸರಿನಲ್ಲಿ.

ಸ್ವರ್ಗಾವತಿ ಪಟ್ಟಣದ ರಾಜಪುತ್ರಿ ಶಾಂತವ್ವ ಕೆರೆ ಕಟ್ಟಿಸಲು ಮುಂದಾದಾಗ ಆ ನೆಲದಲ್ಲಿ ಸೂಳೆಯರ ಕೇರಿಯಿತ್ತು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ಜಾಗ ಬಿಟ್ಟರು ಎಂಬುದು ಐತಿಹ್ಯದ ಒಂದು ಪಾಠ. ತರಗತಿಯಲ್ಲಿ ‘ಶಾಂತಿಸಾಗರ’ವೆಂದಷ್ಟೇ ಹೇಳಿದರೆ ಮನೆ ಕಳೆದುಕೊಂಡವರ ಷರತ್ತು ಮುರಿಯುತ್ತದೆ. ಶಾಂತವ್ವನೂ ಉಳಿಯುವುದಿಲ್ಲ, ವ್ಯಕ್ತಿಯೊಬ್ಬಳು ‘ಶಾಂತಿ’ ಎಂಬ ಗುಣವಾಗಿ ಕರಗುತ್ತಾಳೆ. ಸಭ್ಯತೆಯ ಈ ತಿದ್ದುಪಡಿಯು ಕಥೆಯ ಕಾರ್ಯಕಾರಣವನ್ನೇ ಕಿತ್ತುಹಾಕುತ್ತದೆ.

ಎಳೆಯರಿಗೆ ಆ ಪದದ ವೃತ್ತಿಪರ ಅರ್ಥವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ವಾಸವಾಗಿದ್ದ ಹೆಂಗಸರು ಜಾಗ ಕೊಟ್ಟರು, ಬದಲಿಗೆ ಹೆಸರು ಕೇಳಿದರು ಎಂದರೆ ಸಾಕು. ‘ಕೆರೆಗೆ ಹಾರ’ ಲಾವಣಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ಹೇಳುವುದು ಇನ್ನೂ ಉಚಿತ. ಅಲ್ಲಿ ಕಿರಿಯ ಸೊಸೆ ಭಾಗೀರಥಿಯನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಕೇರಿಯ ಹೆಂಗಸರನ್ನು ಕೇಳದೆ ಕೆಲಸ ಸಾಗುವುದಿಲ್ಲ.