ಚೀನೀ ಪಂಚಾಂಗ ಮತ್ತು ದಿನಶುದ್ಧಿ: ಒಂದು ವಿಮರ್ಶೆ

ಚೀನಾದ ಪಂಚಾಂಗವನ್ನು ಎರಡಾಗಿ ಸೀಳಿ ನೋಡುವುದು ವಿದ್ವಾಂಸರಲ್ಲಿ ಬಹುಕಾಲದ ವಾಡಿಕೆ. ಸೂರ್ಯಚಂದ್ರರ ಗತಿಯ ಲೆಕ್ಕವು ವಿಜ್ಞಾನದ ಚರಿತ್ರೆಗೂ, ಶುಭಾಶುಭ ದಿನಗಳ ವಿಚಾರವು ಮೂಢನಂಬಿಕೆಯ ಚರಿತ್ರೆಗೂ ಸೇರಿದುವೆಂಬುದು ಈ ವಾಡಿಕೆಯ ತಳಹದಿ. ಜೋಸೆಫ್ ನೀಡಮ್ ಅವರಂತೂ 1959ರಲ್ಲಿ ಹೊರಬಂದ ತಮ್ಮ ಮಹಾಗ್ರಂಥದ ಮೂರನೆಯ ಸಂಪುಟದಲ್ಲಿ, ಅಧಿಕಮಾಸಗಳನ್ನು ಹೊಂದಿಸುವ ಅಸಂಖ್ಯ ಪದ್ಧತಿಗಳಿಗೂ ವೈಜ್ಞಾನಿಕ ಮಹತ್ತ್ವ ಅಲ್ಪವೆಂದರು. ಅವರ ಪಾಂಡಿತ್ಯಕ್ಕೆ ತಲೆಬಾಗಿಯೂ ಈ ದೃಷ್ಟಿಯನ್ನು ಒಪ್ಪುವುದು ಚರಿತ್ರಕಾರನಿಗೆ ಕಷ್ಟ.

ಮನೆಮನೆಯ ಬಳಕೆಗೆ ಬಂದ 'ತುಂಗ್‌ಷು' ಎಂಬ ಪಂಚಾಂಗದಲ್ಲಿ ಪ್ರತಿ ದಿನದ ಕೆಳಗೂ ವಿವಾಹ, ಶವಸಂಸ್ಕಾರ, ಗೃಹನಿರ್ಮಾಣ, ಪ್ರಯಾಣ ಮೊದಲಾದವುಗಳಲ್ಲಿ ಯಾವುದು ವಿಹಿತ, ಯಾವುದು ನಿಷಿದ್ಧ ಎಂಬ ಸೂಚನೆಯಿರುತ್ತದೆ. ಈ ನಿರ್ಣಯದ ಆಧಾರಗಳಲ್ಲಿ 'ಜಿಯೆನ್-ಚು' ಎಂಬ ಹನ್ನೆರಡು ದಿನಗಳ ಆವರ್ತವೂ ಒಂದು. ಷುಯ್‌ಹುದಿಯಲ್ಲಿ 1975ರಲ್ಲಿ ಪತ್ತೆಯಾದ, ಕ್ರಿ. ಪೂ. 217ರ ಸುಮಾರಿನ ಅಧಿಕಾರಿಯೊಬ್ಬನ ಸಮಾಧಿಯ ಬಿದಿರುಪಟ್ಟಿಗಳಲ್ಲಿಯೇ ಇದು ದೊರೆಯುತ್ತದೆ. ಈ ಆವರ್ತವು ಬರಿಯ ಎಣಿಕೆಯಲ್ಲ. ಸೌರಮಾಸದ ಸಂಧಿಯಂದು ಹಿಂದಿನ ದಿನದ ಹೆಸರೇ ಮರುಕಳಿಸಿ, ಎಣಿಕೆಯು ಅಲ್ಲಿಂದ ಮುಂದುವರಿಯುತ್ತದೆ. ಆದುದರಿಂದ ಗಣಿತವು ಬದಲಾಗಿ ಸಂಧಿಯು ಒಂದು ದಿನ ಮೊದಲೇ ಬಂದರೆ, 'ಸಿದ್ಧಿ'ಯ ದಿನವಾಗಬೇಕಾಗಿದ್ದುದು 'ಅಪಾಯ'ದ ದಿನವಾಗಬಹುದು.

1645ರಲ್ಲಿ ಸಂಭವಿಸಿದುದು ಇದೇ. ಚಿಂಗ್ ಅರಸರ ಹೊಸ ಪಂಚಾಂಗವನ್ನು ರಚಿಸಿದ ಜೆಸ್ಯೂಟ್ ಪಾದ್ರಿ ಆದಮ್ ಷಾಲ್, ವರ್ಷವನ್ನು ಇಪ್ಪತ್ತನಾಲ್ಕು ಸಮಭಾಗಗಳಾಗಿ ವಿಂಗಡಿಸುವ ಹಳೆಯ ಕ್ರಮವನ್ನು ತೊರೆದು ಸೂರ್ಯನ ಸ್ಫುಟಗತಿಯನ್ನು ಅನುಸರಿಸಿದನು. ಕೆಲವು ಸಂಧಿಗಳು ಸುಮಾರು ಎರಡು ದಿನ ಸರಿದುವು. ಗಣಿತದ ತಿದ್ದುಪಡಿಯೇ ಶುಭದಿನಗಳ ತಿದ್ದುಪಡಿಯೂ ಆಯಿತು. 1664ರಲ್ಲಿ ಯಾಂಗ್ ಗುವಾಂಗ್‌ಷಿಯೆನ್ ಅವನ ಮೇಲೆ ಹೊರಿಸಿದ ಆರೋಪಗಳಲ್ಲಿ ಗಣಿತದೋಷದೊಡನೆ ಇನ್ನೊಂದೂ ಸೇರಿತ್ತು: 1658ರಲ್ಲಿ ತೀರಿಕೊಂಡ ಎಳೆಯ ರಾಜಕುಮಾರನ ಶವಸಂಸ್ಕಾರಕ್ಕೆ ಷಾಲನ ಅಧೀನದ ಜ್ಯೋತಿಷ ಇಲಾಖೆಯು ಅಶುಭ ಮುಹೂರ್ತವನ್ನು ಆರಿಸಿತೆಂಬುದು. ಮರುವರ್ಷ ಆ ಇಲಾಖೆಯ ಐವರು ಚೀನೀ ಅಧಿಕಾರಿಗಳಿಗೆ ಮರಣದಂಡನೆಯಾಯಿತು. ಷಾಲ್ ಪ್ರಾಣ ಉಳಿಸಿಕೊಂಡರೂ 1666ರಲ್ಲಿ ಮಡಿದನು. 1669ರ ವೇಳೆಗೆ ವೀಕ್ಷಣೆಯ ಪರೀಕ್ಷೆಯಲ್ಲಿ ಪಾಶ್ಚಾತ್ಯ ಗಣಿತವೇ ಗೆದ್ದಿತು. ಆದರೂ ದಿನಶುದ್ಧಿಯು ಪಂಚಾಂಗದಿಂದ ತೊಲಗಲಿಲ್ಲ. ಮುಂದಿನ ಶತಮಾನದಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯು ಅದನ್ನು ಪರಿಷ್ಕರಿಸಲು 36 ಸಂಪುಟಗಳ ಗ್ರಂಥವನ್ನೇ ಮಾಡಿಸಿದನು.

ಪಂಚಾಂಗದ ಮೇಲೆ ಪ್ರಭುತ್ವಕ್ಕಿದ್ದ ಕಾತರವೂ ಇದರಿಂದ ಅರ್ಥವಾಗುತ್ತದೆ. 835ರಲ್ಲಿ ಫೆಂಗ್ ಸು ಎಂಬ ಅಧಿಕಾರಿಯು, ಆಸ್ಥಾನದ ಪಂಚಾಂಗವು ಹೊರಬೀಳುವ ಮುನ್ನವೇ ಖಾಸಗಿ ಮುದ್ರಣಗಳು ಪೇಟೆಯಲ್ಲಿ ಹರಡುತ್ತಿವೆಯೆಂದು ದೂರಿದನು. ಅವುಗಳಿಗೆ ನಿಷೇಧವೂ ಬಂದಿತು. ಆ ನಿಷೇಧ ಎಷ್ಟು ಫಲಿಸಿತೆಂಬುದಕ್ಕೆ ದುನ್‌ಹುವಾಂಗ್ ಗುಹೆಯಲ್ಲಿ ದೊರೆತ 882ರ ಪಂಚಾಂಗದ ತುಣುಕೇ ಸಾಕ್ಷಿ: ಅದರ ಮೇಲೆ ಚೆಂಗ್‌ದುವಿನ ಖಾಸಗಿ ಮನೆತನವೊಂದರ ಹೆಸರಿದೆ. ಜನರು ಕಾಸು ಕೊಟ್ಟು ಕೊಂಡುದು ಗ್ರಹಗಣಿತಕ್ಕಾಗಿ ಅಲ್ಲವೆಂಬುದು ಸ್ಪಷ್ಟ.

ಹೀಗೆನ್ನುವುದು ದಿನಶುದ್ಧಿಯ ಸಮರ್ಥನೆಯಲ್ಲ. ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ವಾಂಗ್ ಚುಂಗ್, ತಲೆ ತೊಳೆಯುವುದಕ್ಕೂ ದಿನ ನೋಡುವವರನ್ನು ತರ್ಕದಿಂದ ಹಳಿದಿದ್ದನು. ಆದರೆ ಒಂದು ನಂಬಿಕೆಯನ್ನು ಅಲ್ಲಗಳೆಯುವುದು ಬೇರೆ, ಅದರ ಚರಿತ್ರೆಯನ್ನು ಕೈಬಿಡುವುದು ಬೇರೆ. ಸೂರ್ಯಸಿದ್ಧಾಂತ ಮತ್ತು ದೃಗ್ಗಣಿತಗಳ ಭೇದದಿಂದ ಏಕಾದಶಿಯ ದಿನವೇ ಬೇರೆಯಾಗುವುದನ್ನು ಕಂಡಿರುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಪಂಚಾಂಗದ ಅರ್ಧವನ್ನು ಮಾತ್ರ ಓದುವವನಿಗೆ 1665ರಲ್ಲಿ ಐವರ ತಲೆ ಉರುಳಿದುದೇಕೆಂಬುದು ಎಂದಿಗೂ ಒಗಟಾಗಿಯೇ ಉಳಿಯುವುದು.