ವೇ ಬ್ರಿಡ್ಜ್ ಮೇಲೆ ಬರಿಗಾಲಲ್ಲಿ

ಬೆಳಗ್ಗೆ ಆರೂವರೆ. ಹಲ್ಲುಜ್ಜಿ, ಬಾತ್‌ರೂಮ್ ಕೆಲಸ ಮುಗಿಸಿ, ಬನಿಯನ್ನೂ ಬಿಚ್ಚಿಟ್ಟು ತೂಕದ ಮೆಷಿನ್ ಹತ್ತುತ್ತೀವಿ. ವಾಚ್ ಬಿಚ್ಚಿಡೋರೂ ಇದ್ದಾರೆ, ನಾನೇ ಬಿಚ್ಚಿಟ್ಟಿದ್ದೀನಿ. ನಿನ್ನೆ 80.2 ಇತ್ತು. ರಾತ್ರಿ ಎರಡೇ ಚಪಾತಿ ತಿಂದು ಮಲಗಿದ್ದು. ಇವತ್ತು 80.9. ಫೋನಿನಲ್ಲಿ ಕೆಂಪು ಬಾಣ ಮೇಲಕ್ಕೆ ನೋಡ್ತಾ ನಿಂತಿದೆ. ಅಲ್ಲಿಗೆ ಮುಗೀತು. "ಇಷ್ಟು ಮಾಡಿದ್ರೂ ಇಷ್ಟೇನಾ" ಅಂತ ಆಫೀಸ್ ಕೆಳಗಿನ ದರ್ಶಿನಿಗೆ ಹೋಗಿ ಒಂದು ಸೆಟ್ ದೋಸೆ, ಜೊತೆಗೆ ಒಂದು ವಡೆ.

ನನ್ನ ತಕರಾರು ಆ ಕೆಂಪು ಬಾಣದ ಮೇಲೆ. ತೂಕ ಇಳಿಸೋರಲ್ಲಿ ಎರಡು ಪಾರ್ಟಿಗಳಿವೆ. ದಿನಾ ನೋಡು, ಇಲ್ಲಾಂದ್ರೆ ಕೈ ತಪ್ಪಿ ಹೋಗುತ್ತೆ ಅನ್ನೋದು ಒಂದು. ಮೆಷಿನ್ ಎಸೆದುಬಿಡು, ಅದು ಮನಸ್ಸು ಕೆಡಿಸುತ್ತೆ ಅನ್ನೋದು ಇನ್ನೊಂದು. ಇಬ್ಬರೂ ಎಷ್ಟು ಸಲ ಹತ್ತಬೇಕು ಅಂತ ಜಗಳಾಡ್ತಾರೆಯೇ ಹೊರತು, ಹತ್ತಿದ ಮೇಲೆ ಕಾಣೋ ನಂಬರ್ ಯಾವುದರ ತೂಕ ಅಂತ ಕೇಳೋದಿಲ್ಲ.

ಆ ಪ್ರಶ್ನೆ ಕೇಳೋದನ್ನ ನಾನು ಕಲಿತದ್ದು ಕಬ್ಬಿನ ಗಾಡಿಯಲ್ಲಿ. ನಮ್ಮೂರು ನಂಜನಗೂಡು ತಾಲ್ಲೂಕು. ಸ್ಕೂಲಿಗೆ ರಜ ಇದ್ದಾಗ ಅಪ್ಪನ ಜೊತೆ ಟ್ರ್ಯಾಕ್ಟರ್‌ನಲ್ಲಿ ಫ್ಯಾಕ್ಟರಿಗೆ ಹೋಗ್ತಿದ್ದೆ. ವೇ ಬ್ರಿಡ್ಜ್ ಮೇಲೆ ಮೊದಲು ಲೋಡ್ ಸಮೇತ ಗಾಡಿ ತೂಕ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ತೂಕ. ಕಳೆದರೆ ಬಂದದ್ದು ಕಬ್ಬು. ಅದರಲ್ಲೂ ಸೋಗೆ, ತರಗು, ಮಣ್ಣು ಅಂತ ಒಂದಿಷ್ಟು ಮುರ್ಕೊಳ್ಳೋರು. ಕೆಲವು ಸಲ ಕ್ಯೂ ಎರಡು ದಿನ ಹಿಡಿಯೋದು. ಬಿಸಿಲಲ್ಲಿ ನಿಂತ ಕಬ್ಬು ಒಣಗಿ ತೂಕ ಇಳಿಯೋದು. ಅಪ್ಪ ಗಾಡಿ ನೆರಳಲ್ಲಿ ಕೂತು ಬೀಡಿ ಹಚ್ಚಿ, "ಕಬ್ಬು ಎಲ್ಲೂ ಹೋಗಿಲ್ಲ ಕಣ್ಲಾ, ನೀರು ಹೋಯ್ತು. ನಮ್ ದುಡ್ಡೂ ಹೋಯ್ತು" ಅಂತಿದ್ದ. ಮೂರನೇ ಕ್ಲಾಸ್ ಓದಿದ ಮನುಷ್ಯನಿಗೆ ತೂಕ ಇಳಿಯೋದು ಬೇರೆ, ಸರಕು ಇಳಿಯೋದು ಬೇರೆ ಅಂತ ಗೊತ್ತಿತ್ತು. ಬಿಇ ಓದಿದ ಮಗನಿಗೆ ಮೂವತ್ತು ದಾಟೋವರೆಗೂ ಗೊತ್ತಾಗಲಿಲ್ಲ.

ನಾವು ಬರಿಗಾಲಲ್ಲಿ ನಿಲ್ಲೋ ಮೆಷಿನ್ನಿಗೆ ಖಾಲಿ ಗಾಡಿ ತೂಕ ಗೊತ್ತಿಲ್ಲ. ಅರ್ಧ ಲೀಟರ್ ನೀರು ಕುಡಿದು ಹತ್ತಿ, ಅರ್ಧ ಕೆಜಿ ಜಾಸ್ತಿ ತೋರಿಸುತ್ತೆ. ಉಪ್ಪಿನಕಾಯಿ, ಹಪ್ಪಳ ಸೇರಿಸಿ ಉಂಡರೆ ಮೈ ನೀರು ಹಿಡ್ಕೊಳ್ಳುತ್ತೆ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಸುಮ್ಮನೆ ಏರುತ್ತೆ. ಲಿವರ್‌ನಲ್ಲಿ, ಮಾಂಸಖಂಡದಲ್ಲಿ ಸುಮಾರು ಅರ್ಧ ಕೆಜಿ ಗ್ಲೈಕೋಜನ್ ಇರುತ್ತೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು. ಅನ್ನ ಬಿಟ್ಟ ಮೊದಲ ವಾರ ಎರಡು ಕೆಜಿ ಇಳೀತು ಅಂತ ಸ್ಟೇಟಸ್ ಹಾಕ್ತಾರಲ್ಲ, ಅದರಲ್ಲಿ ಹೆಚ್ಚಿನದು ಇದೇ. ಕ್ಯೂನಲ್ಲಿ ಒಣಗಿದ ಕಬ್ಬು.

ಹಾಗಾದ್ರೆ ನನ್ನ 80.2, 80.9 ಆಯ್ತಲ್ಲ, ಆ 700 ಗ್ರಾಂ ಕೊಬ್ಬೇನಾ? ಲೆಕ್ಕ ಹಾಕಿ. ಒಂದು ಕೆಜಿ ಮೈ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ರಾತ್ರೋರಾತ್ರಿ 700 ಗ್ರಾಂ ಕೊಬ್ಬು ಬರಬೇಕಾದ್ರೆ ಖರ್ಚಿನ ಮೇಲೆ 5,400 ಕ್ಯಾಲೊರಿ ತಿಂದಿರಬೇಕು. ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆ ಲೆಕ್ಕದಲ್ಲಿ 16 ಮುದ್ದೆ, ಅದೂ ಮಾಮೂಲಿ ಊಟದ ಮೇಲೆ. ನಮ್ಮೂರ ಕಡೆ ಮುದ್ದೆ ಉಣ್ಣೋ ಸ್ಪರ್ಧೆ ಇಟ್ಟರೂ ಇದು ಕಷ್ಟ.

ಇಷ್ಟು ಗೊತ್ತಿದ್ದೂ ನಾನು ಮೋಸ ಮಾಡಿದ್ದೀನಿ. ಆಫೀಸಿನಲ್ಲಿ ಎಂಟು ವಾರದ ಚಾಲೆಂಜ್ ಇಟ್ಟಿದ್ದರು. ಕೊನೆಯ ಎರಡು ದಿನ ಊಟಕ್ಕೆ ಬರೀ ಸೌತೆಕಾಯಿ, ನೀರು ಗುಟುಕು ಲೆಕ್ಕ. 4.6 ಕೆಜಿ ಇಳಿಸಿ ಎರಡನೇ ಪ್ರೈಜ್ ತಗೊಂಡೆ. ಅದೇ ಸಂಜೆ ಊರಿಗೆ ಬಸ್ ಹತ್ತಿದೆ. ಅವ್ವ ಬಾಗಿಲಲ್ಲೇ, "ಯಾಕ್ಲಾ ಮಗ ಹಿಂಗ್ ಸೊರಗೋಗಿದ್ದೀಯ, ಸುಗರ್ ಗಿಗರ್ ಬಂತಾ?" ಅಂದಳು. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ಹೀಗೇ ಸೊರಗುತ್ತಾ ಬಂದು, ಎಲ್ಲರೂ ಗೇಯ್ಮೆ ಜಾಸ್ತಿ ಆಯ್ತು ಅಂದುಕೊಂಡು, ಕೊನೆಗೆ ರಕ್ತ ಟೆಸ್ಟ್ ಮಾಡಿಸಿದಾಗ ಸಕ್ಕರೆ 400 ದಾಟಿತ್ತು. ಪ್ರಯತ್ನ ಪಡದೆ ತೂಕ ಇಳಿದರೆ ನಮ್ಮೂರಲ್ಲಿ ಯಾರೂ ಚಪ್ಪಾಳೆ ಹೊಡೆಯೋದಿಲ್ಲ, ಡಾಕ್ಟರ ಹತ್ರ ಹೋಗು ಅಂತಾರೆ. ಆಪ್ ಆದರೆ ಆವಾಗಲೂ ಹಸಿರು ಬಾಣ ತೋರಿಸುತ್ತೆ. ಎರಡು ದಿನ ಅವ್ವನ ಕೈ ಊಟ ಉಂಡು ಸೋಮವಾರ ಮೆಷಿನ್ ಹತ್ತಿದೆ, 2.3 ಕೆಜಿ ವಾಪಸ್.

ಹಾಗಂತ ಮೆಷಿನ್ ಎಸೀರಿ ಅಂತ ನಾನು ಹೇಳ್ತಿಲ್ಲ. ಅಮೆರಿಕದ ರೀನಾ ವಿಂಗ್ ಮತ್ತು ಸಂಗಡಿಗರು 2006ರಲ್ಲಿ ಒಂದು ಟ್ರಯಲ್‌ನ ಫಲಿತಾಂಶ ಪ್ರಕಟಿಸಿದರು. ಆಗಲೇ ತೂಕ ಇಳಿಸಿಕೊಂಡಿದ್ದ 314 ಜನ. ಒಂದು ಗುಂಪಿಗೆ ಪೋಸ್ಟಿನಲ್ಲಿ ಮಾಹಿತಿ ಪತ್ರ ಮಾತ್ರ. ಉಳಿದ ಎರಡು ಗುಂಪಿಗೆ ದಿನಾ ತೂಕ ನೋಡ್ಕೊಳ್ಳಿ, ಇಷ್ಟು ಏರಿದರೆ ಹೀಗೆ ಮಾಡಿ ಅಂತ ಪಾಠ, ಒಂದಕ್ಕೆ ಇಂಟರ್‌ನೆಟ್‌ನಲ್ಲಿ, ಇನ್ನೊಂದಕ್ಕೆ ಎದುರಾಎದುರು ಕೂರಿಸಿ. 18 ತಿಂಗಳಲ್ಲಿ 2.3 ಕೆಜಿ ಅಥವಾ ಅದಕ್ಕಿಂತ ಹೆಚ್ಚು ವಾಪಸ್ ಬಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 72, ಎದುರಾಎದುರು ಕಲಿತವರಲ್ಲಿ ನೂರಕ್ಕೆ 46. ಕಡಿಮೆ ವ್ಯತ್ಯಾಸ ಅಲ್ಲ. ಆದರೆ ಆ ಪಾಠದಲ್ಲಿ ಹಸಿರು, ಹಳದಿ, ಕೆಂಪು ಅಂತ ಪಟ್ಟಿಗಳಿದ್ದವು. ಒಂದೂವರೆ ಕೆಜಿಯಷ್ಟು ಅತ್ತಿತ್ತ ಆದರೆ ಇನ್ನೂ ಹಸಿರೇ. ನನ್ನ ಆಪ್ 100 ಗ್ರಾಮಿಗೆ ಕೆಂಪಾಗುತ್ತೆ.

ಈ ಬಣ್ಣದ ಪಟ್ಟಿ ಎಲ್ಲೋ ನೋಡಿದ್ದೀನಲ್ಲ ಅನ್ನಿಸ್ತು. ನೋಡಿದ್ದು ಟಿ. ನರಸೀಪುರದ ಕಡೆ, ಅಕ್ಕನ ಊರಿನ ಅಂಗನವಾಡಿಯಲ್ಲಿ. ಅಕ್ಕನ ಚಿಕ್ಕ ಮಗನನ್ನ ತೂಕಕ್ಕೆ ಕರ್ಕೊಂಡು ಹೋಗಿದ್ದೆ. ಕೂಸನ್ನ ಚಡ್ಡಿ ಥರದ ಜೋಳಿಗೆಗೆ ಹಾಕಿ ಗಡಿಯಾರದಂಥ ತಕ್ಕಡಿಗೆ ನೇತುಹಾಕಿದರು. ಅವನು ಊರಿಗೆಲ್ಲ ಕೇಳೋ ಹಾಗೆ ಅತ್ತ. ಟೀಚರ್ ನೀಲಿ ಚಾರ್ಟ್ ತೆಗೆದರು, ಹೆಣ್ಣುಮಕ್ಕಳಿಗೆ ಗುಲಾಬಿ. ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು. ಒಂದು ಚುಕ್ಕಿ ಇಟ್ಟು ಹಿಂದಿನ ತಿಂಗಳ ಚುಕ್ಕಿಗೆ ಗೆರೆ ಸೇರಿಸಿದರು. "ಎಷ್ಟು ಮಿಸ್?" ಅಂದೆ. ಅವರು ನಂಬರ್ ಹೇಳಲಿಲ್ಲ. "ಭೇದಿ ಆಗಿತ್ತಲ್ಲ, ಅದುಕ್ಕೆ ಒಸಿ ಕಮ್ಮಿ. ಗೆರೆ ಮೇಲುಕ್ ಹೋಯ್ತಾ ಇದ್ರೆ ಸಾಕು ಕಣಪ್ಪ" ಅಂದರು.

ನಾನು ಸರ್ವರ್ ಮಾನಿಟರಿಂಗ್ ಮಾಡೋನು. ಒಂದು ನಿಮಿಷ ಗ್ರಾಫ್ ಜಿಗಿದ ಮಾತ್ರಕ್ಕೆ ರಾತ್ರಿ ಎರಡು ಗಂಟೆಗೆ ಯಾರನ್ನೂ ಎಬ್ಬಿಸೋದಿಲ್ಲ. ಸರಾಸರಿ ತೆಗೆದು, ಅದು ಏರ್ತಾ ಹೋದರೆ ಎಬ್ಬಿಸ್ತೀವಿ. ಅದೇ ನಮ್ಮಂಥವರು ತೂಕದ ಆಪ್ ಬರೆಯುವಾಗ ಮಾತ್ರ ಇವತ್ತಿನ ನಂಬರಿಗೆ ಸ್ಕ್ರೀನ್ ತುಂಬ ಜಾಗ, ವಾರದ ಸರಾಸರಿ ಮೂರು ಮೆನು ಒಳಗೆ. ಮೇಲೆ ಮೈಯಲ್ಲಿ ಕೊಬ್ಬು ಶೇಕಡ 26.4 ಅಂತ ದಶಮಾಂಶ ಬೇರೆ. ಪಾದದಿಂದ ಸಣ್ಣ ಕರೆಂಟ್ ಹರಿಸಿ ಊಹಿಸಿದ ಅಂಕಿ ಅದು, ನೀರು ಹೆಚ್ಚುಕಮ್ಮಿ ಆದರೆ ಅದೂ ಆಗುತ್ತೆ. ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತಾರೆ. ಗುಲಗಂಜಿ ಅಂದರೆ ಸುಮಾರು 0.12 ಗ್ರಾಂ, ಅಕ್ಕಸಾಲಿಗರು ಚಿನ್ನ ತೂಗ್ತಿದ್ದ ಬೀಜ. ಚಿನ್ನಕ್ಕೆ, ದೇವರಿಗೆ ಆ ಲೆಕ್ಕ ಸರಿ. ರಾತ್ರಿ ಸಾರಿಗೆ ಉಪ್ಪು ಎಷ್ಟು ಬಿತ್ತು ಅನ್ನೋದರ ಮೇಲೆ ಏರಿಳಿಯೋ ಮೈಗೆ ಯಾಕೆ?

ಗೆರೆಯನ್ನ ಸರಿಯಾಗಿ ಓದಿದರೂ ತೂಕ ಅರ್ಧ ಕಥೆ ಮಾತ್ರ, ಅದರಲ್ಲೂ ನಮ್ಮ ಜನಕ್ಕೆ. ಇದಕ್ಕೆ ದೊಡ್ಡ ಸಾಕ್ಷಿ ಮೈಸೂರಿನಲ್ಲೇ ಇದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿತ್ತು. ಆ ಹಳೇ ರಿಜಿಸ್ಟರ್ ಹಿಡಿದು, ಅಲ್ಲಿ ಹುಟ್ಟಿ ದೊಡ್ಡವರಾದ 517 ಜನರನ್ನ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಕಮ್ಮಿ ಇದ್ದವರಲ್ಲಿ ಹೃದ್ರೋಗ ನೂರಕ್ಕೆ 11, ಮೂರು ಕೆಜಿ ದಾಟಿದವರಲ್ಲಿ ನೂರಕ್ಕೆ 3. ಪುಣೆಯ ಡಾ. ಯಾಜ್ಞಿಕ್ ತಮ್ಮನ್ನೂ ತಮ್ಮ ಇಂಗ್ಲಿಷ್ ಗೆಳೆಯ ಯುಡ್ಕಿನ್‌ರನ್ನೂ ಅಳೆದು 2004ರಲ್ಲಿ ಅದೇ ಪತ್ರಿಕೆಯಲ್ಲಿ ಫೋಟೋ ಹಾಕಿದರು. ಇಬ್ಬರ ಬಿಎಂಐ 22.3. ಮೈಕೊಬ್ಬು ಮಾತ್ರ ಒಬ್ಬರಿಗೆ ಶೇಕಡ 9.1, ಇನ್ನೊಬ್ಬರಿಗೆ 21.2. ಜಾಸ್ತಿ ಇದ್ದದ್ದು ಯಾರಿಗೆ ಅಂತ ಬೇರೆ ಹೇಳಬೇಕಾ? ಕೈಕಾಲು ಸಣ್ಣ, ಹೊಟ್ಟೆ ಮುಂದೆ.

ಅದಕ್ಕೇ ಭಾರತೀಯ ಗಂಡಸಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸಿಗೆ 80 ದಾಟಬಾರದು ಅನ್ನೋದು. ಟೇಪ್ ಇಲ್ಲವಾ? ಉಡುದಾರ ಇದೆಯಲ್ಲ. ಕೆಂಪುದಾರ, ಬ್ಯಾಟರಿ ಬೇಡ, ಉಪ್ಪಿಗೂ ನೀರಿಗೂ ಹೆಚ್ಚು ಬಗ್ಗೋದಿಲ್ಲ. ಹಾಸ್ಟೆಲಿಗೆ ಸೇರಿದಾಗ ನಾಚಿಕೆ ಅಂತ ಕಿತ್ತುಹಾಕಿದ್ದೆ, ಮತ್ತೆ ಕಟ್ಕೊಂಡಿದ್ದೀನಿ. ಈಗ ಮೆಷಿನ್ ದಿನಾ ಹತ್ತುತ್ತೀನಿ, ನಂಬರ್ ಶೀಟ್‌ಗೆ ಹೋಗುತ್ತೆ, ಭಾನುವಾರ ಸರಾಸರಿ ಮಾತ್ರ ನೋಡ್ತೀನಿ. ಮೂರು ತಿಂಗಳಲ್ಲಿ ತೂಕ ಎರಡೇ ಕೆಜಿ ಇಳಿದಿದೆ. ಉಡುದಾರದ ಗಂಟು ಎರಡು ಬೆರಳು ಹಿಂದಕ್ಕೆ ಬಂದಿದೆ.

ಇನ್ನೊಂದು ಮಾತು ಹೇಳಲೇಬೇಕು. ಹೋದ ವರ್ಷ ಭಾವನಿಗೆ ಸುಗರ್ ಶುರುವಾಯ್ತು ಅಂತ ಅಕ್ಕನ ಮನೆಗೆ ಒಂದು ಮೆಷಿನ್ ಕೊಡಿಸಿದೆ. ಭಾವ ಎರಡು ಸಲ ಹತ್ತಿ ಬಿಟ್ಟರು. ಹತ್ತೋಕೆ ಶುರು ಮಾಡಿದ್ದು ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು. ಬೆಳಗ್ಗೆ ಒಂದ್ಸಲ, ಸ್ಕೂಲಿಂದ ಬಂದು ಒಂದ್ಸಲ, ಮಲಗೋ ಮುಂಚೆ ಒಂದ್ಸಲ. ಆಮೇಲೆ ಬೆಳಗ್ಗೆ ತಿಂಡಿ ಬಿಟ್ಟಳು. ಪ್ರೇಯರ್‌ನಲ್ಲಿ ತಲೆಸುತ್ತಿ ಬಿದ್ದಳು ಅಂತ ಅಕ್ಕನಿಗೆ ಫೋನ್ ಬಂದ ಮೇಲೆಯೇ ನಮಗೆ ಗೊತ್ತಾಗಿದ್ದು. ಮಿನ್ನೆಸೋಟದಲ್ಲಿ ಹದಿಹರೆಯದವರನ್ನ ಐದು ವರ್ಷ ಗಮನಿಸಿದ ಅಧ್ಯಯನದಲ್ಲೂ, ಪದೇಪದೇ ತೂಕ ನೋಡ್ಕೊಳ್ತಿದ್ದ ಹುಡುಗಿಯರು ಸಣ್ಣ ಆಗಿರಲಿಲ್ಲ. ಊಟ ಬಿಡೋದು, ಆಮೇಲೆ ತಡೆಯಲಾರದೆ ಬಾಚಿ ತಿನ್ನೋದು ಅವರಲ್ಲೇ ಜಾಸ್ತಿ ಇತ್ತು. ನಾನು ಅದನ್ನ ಓದಿದ್ದು ಮೆಷಿನ್ ಕೊಡಿಸಿದ ಮೇಲೆ. ದೊಡ್ಡವರಲ್ಲೂ ನಂಬರ್ ನೋಡಿ ಊಟ ಬಿಡೋ ಥರದವರು ನೀವಾದರೆ, ಈ ಲೆಕ್ಕ ಯಾವುದೂ ನಿಮಗಲ್ಲ, ದಾರ ಒಂದೇ ಸಾಕು.

ಅಕ್ಕ ನನ್ನನ್ನ ಬೈಯಲಿಲ್ಲ. ಮೆಷಿನ್ ಎತ್ತಿ ಅಟ್ಟದ ಮೇಲೆ, ಹಳೇ ಕೊಳಗದ ಪಕ್ಕ ಇಟ್ಟಳು. ಭಾನುವಾರ ಭಾವ ಸ್ಟೂಲ್ ಹಾಕಿ ಇಳಿಸ್ಕೊಂಡು, ನೋಡಿ, ಮತ್ತೆ ಅಲ್ಲೇ ಇಡ್ತಾರೆ. ಮಗಳು ಈಗ ಎರಡು ಇಡ್ಲಿ ತಿಂದು ಹೋಗ್ತಾಳಂತೆ. ಮೂರನೇದು ಕೇಳೋವರೆಗೂ ಅಕ್ಕ ಅವಳ ತೂಕದ ಮಾತು ಎತ್ತೋದಿಲ್ಲವಂತೆ.