ಒಂದು ಸುತ್ತಿಗೆ ಎಷ್ಟು ಸಾಲು?

ಮುರಗೋಡದ ರೈತನಿಗೆ ಬೇಕಾದದ್ದು ತನ್ನ ಸರ್ವೆ ನಂಬರಿನ ಒಂದು ಪಹಣಿ. ಅದನ್ನು ತರುವ ಕ್ವೆರಿಗೆ ಫೆಚ್ ಸೈಜ್ ಎಷ್ಟಿದ್ದರೂ ನಡೆಯುತ್ತದೆ. ಆದರೆ ಸವದತ್ತಿ ತಾಲ್ಲೂಕಿನ ಪಹಣಿಗಳಿಂದ ಬೆಳೆವಾರು ವರದಿ ತೆಗೆಯುವ ಒಂದು ಜಾವಾ ತಂತ್ರಾಂಶವನ್ನು ಊಹಿಸಿಕೊಳ್ಳಿ. ಒಂದು ಲಕ್ಷ ಸಾಲು, ಸಾಲಿಗೆ 2 ಕೆಬಿ. ಡೇಟಾಬೇಸಿನಿಂದ ಒಂದು ಸುತ್ತಿಗೆ ಎಷ್ಟು ಸಾಲು ಬರಬೇಕೆಂದು ಹೇಳುವ ಈ ಪುಟ್ಟ ಸೆಟ್ಟಿಂಗ್ ಮೇಲೆಯೇ ಅಲ್ಲಿ ಸರ್ವರ್ ನಿಲ್ಲುವುದು, ಬೀಳುವುದು.

ಏನೂ ಹೇಳದೆ ಬಿಟ್ಟರೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್‌ನ ಜಾವಾ ಡ್ರೈವರ್‌ಗಳು ಎಲ್ಲ ಸಾಲುಗಳನ್ನೂ ಒಮ್ಮೆಗೇ ಮೆಮರಿಗೆ ಸುರಿಯುತ್ತವೆ. ವರದಿಯೊಂದಕ್ಕೆ 200 ಎಂಬಿ. ಹತ್ತು ಮಂದಿ ಒಟ್ಟಿಗೆ ಕೇಳಿದರೆ 2 ಜಿಬಿ. ಆರಾಕಲ್ ಇನ್ನೊಂದು ತುದಿ: ಸುತ್ತಿಗೆ ಹತ್ತೇ ಸಾಲು. ಮೆಮರಿ ಉಳಿಯುತ್ತದೆ, ಆದರೆ ಹತ್ತು ಸಾವಿರ ಸುತ್ತು. ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿದರೂ ಓಡಾಟಕ್ಕೇ 200 ಸೆಕೆಂಡ್. 500 ಎಂದು ಕೊಟ್ಟರೆ 4 ಸೆಕೆಂಡ್, ಒಂದು ಹೊತ್ತಿಗೆ ಮೆಮರಿಯಲ್ಲಿ ಸುಮಾರು 1 ಎಂಬಿ.

ನನ್ನ ದೊಡ್ಡ ಆಕ್ಷೇಪ ಪೋಸ್ಟ್‌ಗ್ರೆಸ್ ಡ್ರೈವರ್ ಬಗ್ಗೆ. ಆಟೊಕಮಿಟ್ (ಪ್ರತಿ ಕ್ವೆರಿಯನ್ನೂ ತಾನಾಗಿ ಕಮಿಟ್ ಮಾಡುವ ಸೆಟ್ಟಿಂಗ್) ಚಾಲೂ ಇದ್ದರೆ ನೀವು ಕೊಟ್ಟ 500 ಅನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರರ್ ಕೂಡ ಕೊಡುವುದಿಲ್ಲ. ಕೋಡ್ ಓದಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಡೇಟಾ ಬೆಳೆದ ದಿನ ಜಾವಾದ ಮೆಮರಿ (ಹೀಪ್) ತುಂಬುತ್ತದೆ. ಕೇಳಿದ್ದನ್ನು ಮಾಡಲಾಗದಿದ್ದರೆ ಆಗದು ಎನ್ನುವುದು ಡ್ರೈವರಿನ ಕರ್ತವ್ಯ.

ಹಾಗೆಂದು ಫೆಚ್ ಸೈಜನ್ನು ಕಣ್ಣುಮುಚ್ಚಿ ಏರಿಸುವುದೂ ತಪ್ಪೇ. ಆರಾಕಲ್‌ನ 11ಜಿ ಡ್ರೈವರ್ ಕಾಲಮ್ಮಿನ ಘೋಷಿತ ಅಗಲಕ್ಕೆ ತಕ್ಕಂತೆ ಜಾಗ ಹಿಡಿಯುತ್ತಿತ್ತು. 4000 ಅಕ್ಷರದ ಇಪ್ಪತ್ತು ಕಾಲಮ್, 500 ಸಾಲು ಎಂದರೆ, ಅಕ್ಷರಕ್ಕೆ ಎರಡು ಬೈಟ್‌ನಂತೆ, ಖಾಲಿ ಕಾಲಮ್ಮುಗಳಿಗೂ ಸೇರಿ 80 ಎಂಬಿ. 12ಸಿ ಇದನ್ನು ಸರಿಪಡಿಸಿತು.

ಕನ್ನಡ ಡೇಟಾಕ್ಕೆ ಇನ್ನೊಂದು ಲೆಕ್ಕವಿದೆ. ಜಾವಾ 9ರಿಂದ ಈಚೆಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಏಳಕ್ಷರದ ಊರಿನ ಹೆಸರಿಗೆ ಏಳು ಬೈಟ್ ಸಾಕು; ‘ಮುರಗೋಡ’ಕ್ಕೆ ಹನ್ನೆರಡು ಬೇಕು. ಇಂಗ್ಲಿಷ್ ಹೆಸರು ತುಂಬಿ ಪರೀಕ್ಷಿಸಿದ ತಂತ್ರಾಂಶ ಪಹಣಿಯ ಕನ್ನಡದ ಎದುರು ಅಂದಾಜು ತಪ್ಪುವುದು ಹೀಗೆ.

ತಂದ ಸಾಲುಗಳನ್ನೆಲ್ಲ ಒಂದು ಲಿಸ್ಟಿಗೆ ತುಂಬಿಕೊಂಡರಂತೂ ಯಾವ ಫೆಚ್ ಸೈಜೂ ಕಾಪಾಡದು. ಬಂದ ಸಾಲನ್ನು ಬಳಸಿ ಕೈಬಿಡಬೇಕು, ಸಂಖ್ಯೆಯನ್ನು ಕ್ವೆರಿಗೊಂದರಂತೆ ಸಾಲಿನ ಅಗಲ ನೋಡಿ ನಿಗದಿಪಡಿಸಬೇಕು, ನಿಜವಾದ ಕನ್ನಡ ಡೇಟಾದ ಮೇಲೆ ಅಳೆಯಬೇಕು. ಇಷ್ಟನ್ನು ಮಾಡದೆ ಸರ್ವರಿಗೆ ಹೆಚ್ಚು ರ‍್ಯಾಮ್ ಕೊಳ್ಳುವುದು ಸಾರ್ವಜನಿಕರ ದುಡ್ಡನ್ನು ಪೋಲು ಮಾಡಿದಂತೆ.